ಬೇಗಂಪೇಟೆಯ ಬಿಸಿಲು, ಕಂಪ್ಯೂಟರಿನೊಳಗಿನ ಕಟ್ಟಡ

2008ರ ಮಾರ್ಚ್‌ನಲ್ಲಿ ಶಂಶಾಬಾದಿನ ಹೊಸ ವಿಮಾನ ನಿಲ್ದಾಣ ಶುರುವಾದಾಗ ಬೇಗಂಪೇಟೆಯಿಂದ ಪ್ರಯಾಣಿಕರ ವಿಮಾನಗಳೆಲ್ಲ ಅಲ್ಲಿಗೆ ಹೋದವು. ಟ್ಯಾಕ್ಸಿಯವರು ಹೋದರು, ಬೋರ್ಡು ಹಿಡಿದು ನಿಲ್ಲುವವರು ಹೋದರು. ಹೋಗದೆ ಉಳಿದದ್ದು ಹವಾಮಾನ ಇಲಾಖೆಯ ಕೇಂದ್ರ. ವಿಶ್ವ ಹವಾಮಾನ ಸಂಸ್ಥೆಯ ಪಟ್ಟಿಯಲ್ಲಿ ಬೇಗಂಪೇಟೆಯ ಈ ವೀಕ್ಷಣಾಲಯದ ಸಂಖ್ಯೆ 43128.

ಈ ಸಂಖ್ಯೆಯನ್ನು ನಾನು ದಿನವೂ ನೋಡುತ್ತೇನೆ. ಹೈದರಾಬಾದಿನಲ್ಲಿ ಕಟ್ಟಲಿರುವ ಕಟ್ಟಡ ವರ್ಷಕ್ಕೆ ಎಷ್ಟು ವಿದ್ಯುತ್ ಬಳಸೀತು ಎಂದು ಮೊದಲೇ ಲೆಕ್ಕ ಹಾಕುವುದು ನನ್ನ ಕೆಲಸ. ಅದಕ್ಕೆ ಬಳಸುವ ಹವಾಮಾನ ಕಡತದ ಹೆಸರಿನಲ್ಲಿ, ಕೊನೆಗೊಂದು ಸೊನ್ನೆ ಸೇರಿ, 431280 ಎಂದಿರುತ್ತದೆ. ನಿಜವಾದ ಕಟ್ಟಡ ಗಚ್ಚಿಬೌಲಿಯಲ್ಲಿರಲಿ, ಉಪ್ಪಲ್‌ನಲ್ಲಿರಲಿ, ಕಂಪ್ಯೂಟರಿನೊಳಗೆ ಅದು ನಿಲ್ಲುವುದು ಬೇಗಂಪೇಟೆಯ ಬಿಸಿಲಿನಲ್ಲೇ.

ಹೋದ ತಿಂಗಳು ಬೀದರ್ ಕಡೆಯ ಹುಡುಗನೊಬ್ಬ ನಮ್ಮ ಆಫೀಸಿಗೆ ಬಂದಿದ್ದ. ಆರ್ಕಿಟೆಕ್ಚರ್ ಮುಗಿಸಿ ಮಾಧಾಪುರದಲ್ಲಿ ಕೆಲಸಕ್ಕಿದ್ದವನು, ಈಗ ಸ್ವಂತಕ್ಕೆ ಸಣ್ಣ ಆಫೀಸು ಹಾಕಬೇಕೆಂದಿದ್ದಾನೆ. ಚಹಾ ಬರುವ ಮೊದಲೇ ಕೇಳಿದ: "ಅಣ್ಣಾ, ಈ ಎನರ್ಜಿ ಸಿಮ್ಯುಲೇಶನ್ನಿಗೆ ಯಾವ ಸಾಫ್ಟ್‌ವೇರ್ ತಗೋಬೇಕ್ರೀ? ಒಂದು ಹೆಸರು ಹೇಳಿಬಿಡ್ರಿ, ಸಾಕು."

ನಾನು ಹೆಸರು ಹೇಳಲಿಲ್ಲ. "ಮೊದಲ ಅದಕ್ಕ ಏನು ಕೇಳಬೇಕಂತೀದಿ, ಅದನ್ನ ಹೇಳು ತಮ್ಮಾ" ಎಂದೆ. ಅವನಿಗೆ ಬೇಸರವಾಯಿತು. ಅವನಿಗೆ ಆ ಹೊತ್ತು ಪೂರ್ತಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಕ್ಷೇತ್ರದವರಲ್ಲದ ಓದುಗರಿಗೂ ಇದು ಬೇಕಾದ ವಿಷಯ. ಮನೆ ಕಟ್ಟಿಸುವವರು, ಶಾಲೆ ನಡೆಸುವವರು, ಆಫೀಸು ಬಾಡಿಗೆಗೆ ಹಿಡಿಯುವವರು, ಎಲ್ಲರೂ ಕೊನೆಗೆ ಇಂಥ ಯಾವುದೋ ಲೆಕ್ಕದ ಫಲವನ್ನು ಉಣ್ಣುವವರೇ.

ಮಾಳಿಗೆ ಮೇಲೆ ಮಲಗಿದವರಿಗೆ ಗೊತ್ತು

ಸಿಮ್ಯುಲೇಶನ್ ಎಂದರೇನು? ಕಲಬುರಗಿ, ರಾಯಚೂರು, ಬೀದರ್ ಕಡೆ ಬೆಳೆದವರಿಗೆ ಇದನ್ನು ವಿವರಿಸುವುದು ಸುಲಭ. ಬೇಸಿಗೆಯಲ್ಲಿ ಮಧ್ಯಾಹ್ನ ನಾವು ಮನೆಯ ಒಳಗಿರುತ್ತಿದ್ದೆವು, ರಾತ್ರಿ ಮಾಳಿಗೆಯ ಮೇಲೆ ಮಲಗುತ್ತಿದ್ದೆವು. ಮಧ್ಯಾಹ್ನ ಹೊರಗೆ ಕೆಂಡದಂಥ ಬಿಸಿಲಿದ್ದರೂ ದಪ್ಪ ಗೋಡೆಯ ಒಳಗೆ ತಂಪು. ಗೋಡೆ ಹೊತ್ತಿಡೀ ಹೀರಿಕೊಂಡ ಬಿಸಿ ಒಳಗೆ ಮುಟ್ಟುವುದು ಸಂಜೆಯ ಮೇಲೆ. ಅಷ್ಟು ಹೊತ್ತಿಗೆ ನಾವು ಹಾಸಿಗೆ ಹೊತ್ತು ಮೇಲೆ ಹೋಗಿರುತ್ತಿದ್ದೆವು. ಯಾವ ಪುಸ್ತಕವನ್ನೂ ಓದದ ನಮ್ಮ ಅಜ್ಜಿಯರಿಗೆ ಗೋಡೆಯ ಈ ವಿಳಂಬ ಗೊತ್ತಿತ್ತು.

ಕಾಗದದ ಮೇಲಿನ ಸರಳ ಲೆಕ್ಕಕ್ಕೆ ಇದು ಗೊತ್ತಾಗುವುದಿಲ್ಲ. ಹೊರಗೆ 40 ಡಿಗ್ರಿ, ಒಳಗೆ 26 ಡಿಗ್ರಿ, ನಡುವೆ ಇಂಥ ಗೋಡೆ, ಆದ್ದರಿಂದ ಇಷ್ಟು ಶಾಖ ಒಳಗೆ ಬರುತ್ತದೆ ಎಂದು ಹೇಳಿ ಅದು ಸುಮ್ಮನಾಗುತ್ತದೆ. ಆ ಶಾಖ ಯಾವಾಗ ಬರುತ್ತದೆ, ಬಂದಾಗ ಒಳಗೆ ಜನ ಇರುತ್ತಾರೋ ಇಲ್ಲವೋ ಎಂಬುದು ಅದಕ್ಕೆ ಬೇಡ. ಸಿಮ್ಯುಲೇಶನ್ ಮಾಡುವುದು ಈ 'ಯಾವಾಗ'ದ ಲೆಕ್ಕ. ವರ್ಷಕ್ಕೆ 365 ದಿನ, ದಿನಕ್ಕೆ 24 ಗಂಟೆ, ಒಟ್ಟು 8,760 ಗಂಟೆ. ಪ್ರತಿ ಗಂಟೆಗೂ ಸೂರ್ಯ ಎಲ್ಲಿದ್ದಾನೆ, ಗಾಳಿ ಎಷ್ಟಿದೆ, ತೇವ ಎಷ್ಟಿದೆ, ಗೋಡೆ ಹಿಂದಿನ ಗಂಟೆಗಳಲ್ಲಿ ಎಷ್ಟು ಬಿಸಿ ಉಳಿಸಿಕೊಂಡಿದೆ, ಒಳಗೆ ಎಷ್ಟು ಜನ, ಎಷ್ಟು ದೀಪ, ಏಸಿ ಓಡುತ್ತಿದೆಯೇ ಎಂದು ನೋಡುತ್ತ ಇಡೀ ವರ್ಷವನ್ನು ಕಂಪ್ಯೂಟರಿನಲ್ಲಿ ಓಡಿಸುವುದು.

ಹೀಗೆ ಓಡಿಸುವುದು ಈಗ ಹವ್ಯಾಸವಾಗಿ ಉಳಿದಿಲ್ಲ. ಇಂಧನ ದಕ್ಷತಾ ಬ್ಯೂರೋ 2007ರಲ್ಲಿ ಹೊರತಂದು 2017ರಲ್ಲಿ ಪರಿಷ್ಕರಿಸಿದ ಕಟ್ಟಡ ಸಂಹಿತೆ ಇದೆ. ನಾವು ಇಸಿಬಿಸಿ ಎನ್ನುತ್ತೇವೆ. 100 ಕಿಲೋವ್ಯಾಟ್ ಅಥವಾ ಅದಕ್ಕಿಂತ ಹೆಚ್ಚು ವಿದ್ಯುತ್ ಹೊರೆ ಇರುವ ವಾಣಿಜ್ಯ ಕಟ್ಟಡಗಳಿಗೆ ಬರೆದದ್ದು ಅದು. ಅದರಲ್ಲಿ ಎರಡು ದಾರಿಗಳಿವೆ. ಒಂದು, ಗೋಡೆ ಹೀಗಿರಲಿ, ಗಾಜು ಗೋಡೆಯ ಶೇ. 40ನ್ನು ಮೀರದಿರಲಿ, ಏಸಿಯ ದಕ್ಷತೆ ಇಷ್ಟಿರಲಿ ಎಂಬ ಪಟ್ಟಿಯನ್ನು ಪಾಲಿಸುವುದು. ಇನ್ನೊಂದು, ಇಡೀ ಕಟ್ಟಡವನ್ನು ಸಿಮ್ಯುಲೇಟ್ ಮಾಡಿ, ಪಟ್ಟಿಯ ಪ್ರಕಾರ ಕಟ್ಟಿದ ಅದರದೇ ಜೋಡಿ ಕಟ್ಟಡಕ್ಕಿಂತ ಇದು ಹೆಚ್ಚು ವಿದ್ಯುತ್ ತಿನ್ನುವುದಿಲ್ಲ ಎಂದು ತೋರಿಸುವುದು. ಗಾಜಿನ ಮೇಲೆ ಆಸೆ ಇರುವವರಿಗೆ ಎರಡನೆಯ ದಾರಿಯೇ ಗತಿ. ರಾಯದುರ್ಗಂ, ನಾನಕ್‌ರಾಮ್‌ಗುಡಾ ಕಡೆ ಕಣ್ಣು ಹಾಯಿಸಿದರೆ ಗಾಜಿನ ಆಸೆ ಈ ಊರಿಗೆ ಎಷ್ಟಿದೆ ಎಂದು ಗೊತ್ತಾಗುತ್ತದೆ.

ಆದರೆ ಸಂಹಿತೆಗಾಗಿ ಮಾಡುವ ಲೆಕ್ಕ ಬೇರೆ, ಕಟ್ಟಡದಲ್ಲಿ ಕೂರುವವರಿಗಾಗಿ ಮಾಡುವ ಲೆಕ್ಕ ಬೇರೆ. ಇದನ್ನು ನಾನು ಕಲಿತದ್ದು ಒಂದು ಶಾಲೆಯಲ್ಲಿ.

ನಾನು ತಪ್ಪಿದ್ದು

ಊರಿನ ಹೊರವಲಯದ ಶಾಲೆ. ಮೂರು ಮಹಡಿ, ಮೇಲೆ ಬರಿಯ ಆರ್‌ಸಿಸಿ ತಾರಸಿ. ಮಾರ್ಚ್ ಬಂತೆಂದರೆ ಮೇಲಿನ ಮಹಡಿಯ ಮಕ್ಕಳು ಮಧ್ಯಾಹ್ನದ ಮೇಲೆ ಪಾಠ ಕೇಳುವ ಸ್ಥಿತಿಯಲ್ಲಿರುತ್ತಿರಲಿಲ್ಲ. ಶಾಲೆ ನಡೆಸುವ ಟ್ರಸ್ಟಿನವರು ಕೇಳಿದ್ದು ಸರಳವಾದ ಪ್ರಶ್ನೆ: ತಾರಸಿಗೆ ಬಿಳಿ ಲೇಪ ಹಾಕಿಸೋಣವೇ, ಫಾಲ್ಸ್ ಸೀಲಿಂಗ್ ಮಾಡಿಸೋಣವೇ, ಸಾಲ ಮಾಡಿ ಏಸಿಯನ್ನೇ ಹಾಕಿಸೋಣವೇ?

ಆಗ ನನ್ನ ಕೈಯಲ್ಲಿ ಒಂದು ಸಾಫ್ಟ್‌ವೇರ್ ಇತ್ತು. ಏಸಿ ಇರುವ ಆಫೀಸುಗಳ ಲೆಕ್ಕಕ್ಕೆಂದು ಕಲಿತದ್ದು, ಕೈಗೆ ಕೂತಿತ್ತು. ಅದರಲ್ಲೇ ಶಾಲೆಯನ್ನು ಬರೆದೆ. ಎಲ್ಲ ಕೋಣೆಗೂ 24 ಡಿಗ್ರಿಯ ಏಸಿ ಇದೆಯೆಂದು ಅದು ತಾನೇ ಊಹಿಸಿತು. ಯಾವಾಗ ಜನ ಇರುತ್ತಾರೆ ಎಂಬುದಕ್ಕೆ ಅದರೊಳಗೆ ಬಂದ ಆಫೀಸಿನ ವೇಳಾಪಟ್ಟಿಯನ್ನು ಹಾಗೇ ಬಿಟ್ಟಿದ್ದೆ. ಫಲಿತಾಂಶ ಬಂತು: ಬಿಳಿ ಲೇಪದಿಂದ ಇಷ್ಟು ಯೂನಿಟ್ ಉಳಿತಾಯ, ಖರ್ಚು ಹಿಂದಿರುಗಲು ಇಷ್ಟು ವರ್ಷ, ಅಷ್ಟೇನೂ ಲಾಭವಿಲ್ಲ. ಬಣ್ಣದ ಚಾರ್ಟುಗಳೊಂದಿಗೆ ವರದಿ ಕೊಟ್ಟೆ.

ಮುಖ್ಯೋಪಾಧ್ಯಾಯಿನಿ ಪುಟ ತಿರುವಿ ನೋಡಿ ಎರಡು ಪ್ರಶ್ನೆ ಕೇಳಿದರು. ನಮ್ಮಲ್ಲಿ ಏಸಿಯೇ ಇಲ್ಲವಲ್ಲ, ಈ ಉಳಿತಾಯ ಯಾವುದರಲ್ಲಿ? ಮೇ ತಿಂಗಳಲ್ಲಿ ಎಲ್ಲಕ್ಕಿಂತ ಹೆಚ್ಚು ತೋರಿಸಿದ್ದೀರಿ, ಆಗ ಶಾಲೆಗೆ ರಜೆಯಲ್ಲವೇ?

ನನ್ನಲ್ಲಿ ಉತ್ತರವಿರಲಿಲ್ಲ. ಲೆಕ್ಕದಲ್ಲಿ ಕೂಡು ಕಳೆ ತಪ್ಪಿರಲಿಲ್ಲ, ಸಾಫ್ಟ್‌ವೇರೂ ಕೆಟ್ಟದ್ದಾಗಿರಲಿಲ್ಲ. ಅವರು ಕೇಳಿದ್ದು ಮಕ್ಕಳ ಸೆಕೆಯ ಬಗ್ಗೆ, ನಾನು ಉತ್ತರ ಕೊಟ್ಟದ್ದು ಇಲ್ಲದ ಏಸಿಯ ಬಿಲ್ಲಿನ ಬಗ್ಗೆ. ಆ ವರದಿಯನ್ನು ನಂಬಿದ್ದರೆ ಬಿಳಿ ಲೇಪ ಬಿಟ್ಟು ಸಾಲ ಮಾಡಿ ಏಸಿ ಹಾಕಿಸುತ್ತಿದ್ದರು; ಆಮೇಲೆ ತಿಂಗಳು ತಿಂಗಳ ಕರೆಂಟ್ ಬಿಲ್ಲು ಮಕ್ಕಳ ಫೀಸಿಗೇ ಬಂದು ಕೂರುತ್ತಿತ್ತು.

ಮತ್ತೆ ಮೊದಲಿನಿಂದ ಮಾಡಿದೆ. ಮೊದಲು ಮೇಲಿನ ಮಹಡಿಯ ಒಂದು ಕೋಣೆಯಲ್ಲೂ ಕೆಳಗಿನ ಮಹಡಿಯ ಒಂದು ಕೋಣೆಯಲ್ಲೂ ತಾಪಮಾನ ದಾಖಲಿಸುವ ಸಣ್ಣ ಪೆಟ್ಟಿಗೆ ಇಟ್ಟು ಎರಡು ವಾರ ಅಳೆದೆವು. ಆಮೇಲೆ ಕಿಟಕಿ ತೆರೆದಿಟ್ಟಾಗ ಗಾಳಿ ಕೋಣೆಯಿಂದ ಕೋಣೆಗೆ ಹೇಗೆ ಹರಿಯುತ್ತದೆ ಎಂದು ಲೆಕ್ಕ ಹಾಕಬಲ್ಲ ಬೇರೊಂದು ಸಾಫ್ಟ್‌ವೇರಿನಲ್ಲಿ ಶಾಲೆಯನ್ನು ಹೊಸದಾಗಿ ಬರೆದೆ. ಶಾಲೆಯ ನಿಜವಾದ ವೇಳೆ, ನಿಜವಾದ ರಜೆ. ಮಾದರಿಯ ಕೋಣೆಯೂ ಅಳೆದ ಕೋಣೆಯೂ ಹೆಚ್ಚುಕಡಿಮೆ ಒಂದೇ ರೀತಿ ಬಿಸಿಯಾಗುವವರೆಗೆ ತಿದ್ದಿದೆ. ಈ ಸಲ ಕೇಳಿದ ಪ್ರಶ್ನೆ ಯೂನಿಟ್ಟಿನದಲ್ಲ: ಶಾಲೆ ನಡೆಯುವ ಗಂಟೆಗಳಲ್ಲಿ ಎಷ್ಟು ಗಂಟೆ ಕೋಣೆ ಸಹಿಸಬಹುದಾದ ಮಿತಿಯನ್ನು ಮೀರುತ್ತದೆ?

ಆ ಮಿತಿಗೂ ನಮ್ಮದೇ ಅಳತೆ ಇದೆ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದವರು ಭಾರತದ ಬೇರೆ ಬೇರೆ ಹವೆಯ ಊರುಗಳಲ್ಲಿ ಆಫೀಸಿನ ಜನರನ್ನು ಕೇಳಿ ರೂಪಿಸಿದ ಐಮ್ಯಾಕ್ ಎಂಬ ಮಾದರಿ ಅದು. ಫ್ಯಾನಿನ ಕೆಳಗೆ, ಕಿಟಕಿ ತೆಗೆದು ಕೂತು ರೂಢಿಯಾದವರು ಏಸಿಯಲ್ಲಿ ಕೂತವರಿಗಿಂತ ಹೆಚ್ಚು ಬಿಸಿಯನ್ನು ಹಾಯಾಗಿಯೇ ತಾಳುತ್ತಾರೆ ಎಂಬುದು ಅದರ ತಿರುಳು. ಮಕ್ಕಳಿಗಾಗಿ ಮಾಡಿದ್ದಲ್ಲವಾದರೂ 24 ಡಿಗ್ರಿಯ ಅಚ್ಚಿಗಿಂತ ಸತ್ಯಕ್ಕೆ ಹತ್ತಿರ.

ಎರಡನೆಯ ವರದಿಯ ಪ್ರಕಾರ ಬಿಳಿ ಲೇಪ ಹಾಕಿಸಿದರು; ಕಾರಿಡಾರಿನ ಕಡೆಯ ಗೋಡೆಯಲ್ಲಿ ಮೇಲೆ ಗಾಳಿಕಿಂಡಿ ತೆಗೆಸಿದರು. ಮೇಲಿನ ಮಹಡಿ ಕೆಳಗಿನದರಷ್ಟು ತಂಪಾಗಲಿಲ್ಲ. ಆದರೆ ಮಧ್ಯಾಹ್ನದ ಪಾಠ ನಡೆಯುವಂತಾಯಿತು. ಏಸಿ ಬರಲಿಲ್ಲ. ಮೊದಲ ವರದಿಗೆ ತೆಗೆದುಕೊಂಡ ಹಣವನ್ನು ನಾನು ಹಿಂದಿರುಗಿಸಿದೆ.

ಎಂಜಿನ್ ಯಾವುದು, ಬಾಡಿ ಯಾವುದು

ಈಗ ಹೆಸರುಗಳಿಗೆ ಬರೋಣ. ಮಾರುಕಟ್ಟೆಯಲ್ಲಿ ಹತ್ತಾರು ಸಾಫ್ಟ್‌ವೇರ್‌ಗಳಿವೆ ಎನ್ನಿಸುತ್ತದೆ. ಒಳಗೆ ಹೋಗಿ ನೋಡಿದರೆ ಎಂಜಿನ್‌ಗಳು ಕೆಲವೇ. ಲಾರಿಯ ಬಾಡಿ ಕಟ್ಟುವವರು ನೂರು ಜನ, ಎಂಜಿನ್ ಮಾಡುವವರು ನಾಲ್ಕೈದು ಕಂಪನಿ, ಹಾಗೆ.

ಹಳೆಯ ಎಂಜಿನ್ ಡಿಒಇ-2. ಅಮೆರಿಕದ ಬರ್ಕ್ಲಿಯ ಪ್ರಯೋಗಾಲಯದಲ್ಲಿ ಬೆಳೆದದ್ದು. ಅದರ ಮೇಲೆ ಕೂತ ಬಾಡಿಯೇ ಇಕ್ವೆಸ್ಟ್. ಉಚಿತ, ವೇಗ ಹೆಚ್ಚು. ಪ್ರಶ್ನೆಗಳಿಗೆ ಉತ್ತರ ತುಂಬುತ್ತ ಹೋದರೆ ಆಫೀಸು ಕಟ್ಟಡದ ಮಾದರಿ ಒಂದೇ ದಿನದಲ್ಲಿ ನಿಲ್ಲುತ್ತದೆ. ಆದರೆ ಅದು ಮೊದಲು ಕೋಣೆಯ ತಾಪಮಾನ ಸ್ಥಿರ ಎಂದುಕೊಂಡು ಹೊರೆ ಲೆಕ್ಕ ಹಾಕಿ, ಆಮೇಲೆ ಏಸಿಯ ಕಡೆ ಹೋಗಿ ತಿದ್ದಿಕೊಳ್ಳುತ್ತದೆ. ಏಸಿ ಇಲ್ಲದೆ ಗಾಳಿಯಲ್ಲೇ ಬದುಕುವ ಕಟ್ಟಡ ಅದಕ್ಕೆ ಒಗ್ಗುವುದಿಲ್ಲ.

ಎರಡನೆಯದು ಎನರ್ಜಿಪ್ಲಸ್. ಅಮೆರಿಕದ ಇಂಧನ ಇಲಾಖೆ 2001ರಲ್ಲಿ ಬಿಡುಗಡೆ ಮಾಡಿತು. ಡಿಒಇ-2 ಮತ್ತು ಬ್ಲಾಸ್ಟ್ ಎಂಬ ಎರಡು ಹಳೆಯ ಪ್ರೋಗ್ರಾಮುಗಳ ಅನುಭವದಿಂದ ಹುಟ್ಟಿದ್ದು. ಗೋಡೆ, ಗಾಳಿ, ಏಸಿ ಮೂರನ್ನೂ ಒಟ್ಟಿಗೆ ಕೂರಿಸಿ ಗಂಟೆಗಿಂತ ಚಿಕ್ಕ ಹೆಜ್ಜೆಗಳಲ್ಲಿ ಲೆಕ್ಕ ಹಾಕುತ್ತದೆ. ಉಚಿತ, ಅದರ ಒಳಗಿನ ಕೋಡನ್ನು ಯಾರು ಬೇಕಾದರೂ ತೆರೆದು ನೋಡಬಹುದು. ತೊಂದರೆ ಎಂದರೆ ಅದಕ್ಕೆ ಚಿತ್ರ ಗೊತ್ತಿಲ್ಲ, ಸಾಲು ಸಾಲಾಗಿ ಬರೆದ ಪಠ್ಯ ಕಡತ ಮಾತ್ರ ಗೊತ್ತು. ಆದ್ದರಿಂದ ಬಾಡಿ ಕಟ್ಟುವವರು ಬಂದರು. ಇಂಗ್ಲೆಂಡಿನ ಡಿಸೈನ್‌ಬಿಲ್ಡರ್ ಹಣ ಕೊಟ್ಟು ಕೊಳ್ಳುವಂಥದು. ಅಮೆರಿಕದ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಹುಟ್ಟಿದ ಓಪನ್‌ಸ್ಟುಡಿಯೋ ಉಚಿತ. ರೈನೋದಲ್ಲಿ ಚಿತ್ರ ಬರೆಯುವವರಿಗೆ ಹನಿಬೀ ಇದೆ. ಏಸಿ ಕಂಪನಿಗಳಾದ ಕ್ಯಾರಿಯರ್‌ನ ಹ್ಯಾಪ್, ಟ್ರೇನ್‌ನ ಟ್ರೇಸ್ ಹಿಂದೆ ತಮ್ಮದೇ ಲೆಕ್ಕ ಬಳಸುತ್ತಿದ್ದವು. ಅವುಗಳ ಹೊಸ ಆವೃತ್ತಿಗಳು ಈಗ ಎನರ್ಜಿಪ್ಲಸ್ಸನ್ನೇ ಒಳಗಿಟ್ಟುಕೊಂಡಿವೆ.

ಇವಲ್ಲದೆ ಸ್ಕಾಟ್ಲೆಂಡಿನ ಐಇಎಸ್ ಇದೆ. ಸ್ವಂತ ಎಂಜಿನ್, ಬೆಳಕು, ಗಾಳಿ, ಶಾಖ ಎಲ್ಲ ಒಂದೇ ಕಡೆ, ಬೆಲೆಯೂ ಅದಕ್ಕೆ ತಕ್ಕಂತೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಟ್ರಾನ್‌ಸಿಸ್ 1975ರಿಂದ ಇದೆ. ಸೌರ ನೀರು ಕಾಯಿಸುವಿಕೆ, ವಿಚಿತ್ರ ಜೋಡಣೆಯ ಯಂತ್ರ ವ್ಯವಸ್ಥೆಗಳ ಸಂಶೋಧಕರಿಗೆ ಅದು ಅಚ್ಚುಮೆಚ್ಚು.

ಹಾಗಾದರೆ ನಿಜ ಹೇಳುವುದು ಯಾವುದು? ಈ ಪ್ರಶ್ನೆಯನ್ನು ಹಿಂದೆಯೇ ಕೇಳಿದ್ದಾರೆ. 1995ರಲ್ಲಿ ರಾನ್ ಜುಡ್ಕಾಫ್ ಮತ್ತು ಜೋಯೆಲ್ ನೇಮಾರ್ಕ್ ಬೆಸ್‌ಟೆಸ್ಟ್ ಎಂಬ ಪರೀಕ್ಷೆಯನ್ನು ಪ್ರಕಟಿಸಿದರು. 8 ಮೀಟರ್ ಉದ್ದ, 6 ಮೀಟರ್ ಅಗಲ, 2.7 ಮೀಟರ್ ಎತ್ತರದ ಒಂದೇ ಕೋಣೆ. ದಕ್ಷಿಣಕ್ಕೆ 12 ಚದರ ಮೀಟರ್ ಗಾಜು. ಒಮ್ಮೆ ಹಗುರ ಗೋಡೆ, ಒಮ್ಮೆ ಭಾರದ ಗೋಡೆ. ಬೇರೆ ಬೇರೆ ದೇಶಗಳ ಪ್ರೋಗ್ರಾಮುಗಳಿಗೆ ಇದೇ ಕೋಣೆಯನ್ನು ಕೊಟ್ಟರು. ಇಷ್ಟು ಸರಳ ಪೆಟ್ಟಿಗೆಗೂ ಉತ್ತರ ಒಂದೇ ಬರಲಿಲ್ಲ. ಒಂದು ವ್ಯಾಪ್ತಿಯೊಳಗೆ ಹರಡಿಕೊಂಡಿತು. ಮುಂದೆ ಇದೇ ಪರೀಕ್ಷೆ ಆಶ್ರೇ 140 ಎಂಬ ಮಾನಕವಾಯಿತು. ಈ ಪರೀಕ್ಷೆಗೆ ಒಳಪಟ್ಟಿರಬೇಕು ಎಂಬುದು ಈಗ ಸಾಫ್ಟ್‌ವೇರಿಗೆ ಕೇಳುವ ಮೊದಲ ಅರ್ಹತೆ. ಅದರಿಂದ ಸಿಗುವ ಭರವಸೆ ಇಷ್ಟೇ: ಈ ಸಾಫ್ಟ್‌ವೇರ್ ತನ್ನ ಓರಗೆಯವರಿಂದ ತೀರಾ ದೂರ ಸರಿದಿಲ್ಲ. ನೀವು ಅದರೊಳಗೆ ತುಂಬಿದ್ದು ಸರಿಯೇ ಎಂದು ಅದು ಹೇಳುವುದಿಲ್ಲ. ನನ್ನ ಶಾಲೆಯ ಸಾಫ್ಟ್‌ವೇರೂ ಪರೀಕ್ಷೆ ಪಾಸಾದದ್ದೇ.

ಈ ಊರಿನ ಎರಡು ಪಾಠ

ಇಂಥ ಲೆಕ್ಕಕ್ಕೆ ಹೈದರಾಬಾದ್ ಒಂದು ರೀತಿ ತವರು. ಭಾರತೀಯ ಉದ್ಯಮ ಒಕ್ಕೂಟದ ಸೊಹ್ರಾಬ್ಜಿ ಗೋದ್ರೆಜ್ ಹಸಿರು ಕೇಂದ್ರ ಇಲ್ಲೇ ಇದೆ. 2003ರಲ್ಲಿ ಲೀಡ್ ಪ್ಲಾಟಿನಂ ಮಾನ್ಯತೆ ಪಡೆದ, ಅಮೆರಿಕದ ಹೊರಗಿನ ಮೊದಲ ಕಟ್ಟಡ ಅದು. ಆದರೆ ಸಾಫ್ಟ್‌ವೇರ್ ಆಯ್ಕೆಗೆ ಪಾಠ ಕಲಿಸುವುದು ಬೇರೆ ಎರಡು ಕೆಲಸಗಳು.

ಮೊದಲನೆಯದು ನಮ್ಮ ಬೆಂಗಳೂರಿನ ಇನ್ಫೋಸಿಸ್ಸಿನದು. ಹೈದರಾಬಾದಿನ ಪೋಚಾರಂ ಕ್ಯಾಂಪಸ್ಸಿನಲ್ಲಿ ಅವರು ಒಂದು ಕಟ್ಟಡವನ್ನು ಎರಡು ಸಮಪಾಲು ಮಾಡಿದರು. ಒಂದು ಪಾಲಿಗೆ ತಂಪು ಗಾಳಿ ಊದುವ, ಆದರೆ ಚೆನ್ನಾಗಿ ಸುಧಾರಿಸಿದ ಎಂದಿನ ಏಸಿ. ಇನ್ನೊಂದು ಪಾಲಿಗೆ ಕಾಂಕ್ರೀಟ್ ಚಪ್ಪಡಿಯೊಳಗೆ ಕೊಳವೆ ಹುದುಗಿಸಿ ತಣ್ಣೀರು ಹರಿಸುವ ವ್ಯವಸ್ಥೆ. ಗಾಜು, ಗೋಡೆ, ಕೆಲಸದ ವೇಳೆ ಎಲ್ಲ ಒಂದೇ. ಮೀಟರು ಮಾತ್ರ ಬೇರೆ ಬೇರೆ. 2011ರಿಂದ ಅಳೆದು ನೋಡಿದಾಗ ತಣ್ಣೀರಿನ ಪಾಲು ತಂಪು ಮಾಡಲು ಶೇ. 34ರಷ್ಟು ಕಡಿಮೆ ವಿದ್ಯುತ್ ಬಳಸಿತು. ಗುರುಪ್ರಕಾಶ್ ಶಾಸ್ತ್ರಿ ಮತ್ತು ಪೀಟರ್ ರಮ್ಸೆ ಇದನ್ನು 2014ರಲ್ಲಿ ಆಶ್ರೇ ಜರ್ನಲ್‌ನಲ್ಲಿ ಬರೆದರು.

ಇಂಥ ಚಪ್ಪಡಿಯನ್ನು ನೀವು ಇಕ್ವೆಸ್ಟಿನಲ್ಲಿ ಬರೆಯಲು ಹೊರಟರೆ ಅದಕ್ಕೆ ಅಂಥ ವಸ್ತುವೇ ಗೊತ್ತಿಲ್ಲ. ಸುತ್ತುಬಳಸಿ ಏನನ್ನೋ ತುಂಬಬಹುದು, ಆದರೆ ಬಂದ ಉತ್ತರ ನಿಮ್ಮ ಊಹೆಯೇ ಹೊರತು ಲೆಕ್ಕವಲ್ಲ. ಎನರ್ಜಿಪ್ಲಸ್, ಐಇಎಸ್, ಟ್ರಾನ್‌ಸಿಸ್ ಇದನ್ನು ಬಲ್ಲವು. ಸಾಫ್ಟ್‌ವೇರಿಗೆ ತಿಳಿಯದ ಒಳ್ಳೆಯ ಉಪಾಯ ವರದಿಯಲ್ಲಿ ಕಾಣುವುದೇ ಇಲ್ಲ. ಕಾಣದ್ದು ಕಟ್ಟಡಕ್ಕೂ ಬರುವುದಿಲ್ಲ. ಆಯ್ಕೆಯ ನಿಜವಾದ ಅಪಾಯ ಇದು.

ಎರಡನೆಯದು ತಾರಸಿಯ ಪಾಠ. ಬರ್ಕ್ಲಿಯವರು ಗಚ್ಚಿಬೌಲಿಯ ಐಐಐಟಿಯವರ ಜೊತೆ ಸೇರಿ ಹೈದರಾಬಾದ್ ಪ್ರದೇಶದ ಏಸಿ ಕಟ್ಟಡಗಳ ತಾರಸಿಗೆ ಬಿಳಿ ಲೇಪ ಹಾಕಿ ಅಳೆದರು. ಕಪ್ಪಾಗಿದ್ದ ತಾರಸಿಯನ್ನು ಬಿಳಿ ಮಾಡಿದಾಗ ತಾರಸಿಯ ಪ್ರತಿ ಚದರ ಮೀಟರಿಗೆ ವರ್ಷಕ್ಕೆ 20ರಿಂದ 22 ಯೂನಿಟ್, ಬರಿಯ ಕಾಂಕ್ರೀಟಿನ ತಾರಸಿಯಲ್ಲಿ 13ರಿಂದ 14 ಯೂನಿಟ್ ಉಳಿಯಿತು. ತೆಲಂಗಾಣ ಸರ್ಕಾರ 2023ರಲ್ಲಿ ತಂಪು ತಾರಸಿ ನೀತಿಯನ್ನೇ ತಂದಿದೆ. ನನಗೆ ಈ ಅಂಕಿಗಳು ಇನ್ನೊಂದು ಕಾರಣಕ್ಕೆ ಉಪಯೋಗ. ನನ್ನ ಮಾದರಿ ಇಂಥದೇ ಕಟ್ಟಡಕ್ಕೆ 50 ಯೂನಿಟ್ ಎಂದೋ 2 ಯೂನಿಟ್ ಎಂದೋ ಹೇಳಿದರೆ, ತಾರಸಿಯನ್ನು ಬೈಯುವ ಮೊದಲು ನಾನು ತುಂಬಿದ್ದನ್ನು ಮತ್ತೊಮ್ಮೆ ನೋಡುತ್ತೇನೆ. ಅಂದಹಾಗೆ ಬಿಳಿ ಲೇಪಕ್ಕೆ ಈ ಊರಿನ ಧೂಳು ಕೂತರೆ ಗುಣ ಇಳಿಯುತ್ತದೆ. ಬೇಸಿಗೆಗೆ ಮುಂಚೆ ತೊಳೆಸಬೇಕು. ಇದನ್ನು ಯಾವ ಸಾಫ್ಟ್‌ವೇರೂ ತಾನಾಗಿ ನೆನಪಿಸುವುದಿಲ್ಲ.

ಕೊಳ್ಳುವ ಮೊದಲು

ಬೀದರಿನ ಹುಡುಗನಿಗೆ ಕೊನೆಗೆ ಕೆಲವು ಪ್ರಶ್ನೆಗಳನ್ನು ಬರೆದುಕೊಟ್ಟೆ.

ಒಂದು, ನಿನ್ನ ಗಿರಾಕಿ ಕೇಳುತ್ತಿರುವುದು ಏನು? ಸರ್ಟಿಫಿಕೇಟೋ, ಏಸಿಯ ಗಾತ್ರವೋ, ಬಿಲ್ಲೋ, ಒಳಗಿನ ಸೆಕೆಯೋ? ಬರೀ ಏಸಿ ಎಷ್ಟು ಟನ್ ಬೇಕು ಎಂಬುದಾದರೆ ಹ್ಯಾಪ್ ಥರದ್ದು ಸಾಕು. ಕಿಟಕಿ ತೆಗೆದಿಡುವ ಮನೆ, ಶಾಲೆಗಳಾದರೆ ಗಾಳಿಯ ಹರಿವು ಬಲ್ಲದ್ದೇ ಬೇಕು.

ಎರಡು, ಕಟ್ಟಡ ಯಾವ ಹಂತದಲ್ಲಿದೆ? ಇನ್ನೂ ಪೆನ್ಸಿಲ್ ಗೆರೆಯಲ್ಲಿದ್ದರೆ, ಅರ್ಧ ದಿನದಲ್ಲಿ ನಾಲ್ಕು ದಿಕ್ಕು ತಿರುಗಿಸಿ ನೋಡಬಲ್ಲ ಸರಳ ಮಾದರಿ ಸಾಕು. ಕಟ್ಟಡವನ್ನು ಯಾವ ದಿಕ್ಕಿಗೆ ತಿರುಗಿಸಿ ಇಡುತ್ತೀರಿ ಎಂಬ ತೀರ್ಮಾನಕ್ಕೆ ಖರ್ಚಿಲ್ಲ; ನಕ್ಷೆ ಪಾಸಾದ ಮೇಲೆ ಆ ಅವಕಾಶವೂ ಇಲ್ಲ. ಎಲ್ಲ ಮುಗಿದ ಮೇಲೆ ತಿಂಗಳುಗಟ್ಟಲೆ ಮಾಡುವ ಅತಿಸೂಕ್ಷ್ಮ ಮಾದರಿಗಿಂತ ಮೊದಲ ವಾರದ ಒರಟು ಮಾದರಿಗೆ ಬೆಲೆ ಹೆಚ್ಚು.

ಮೂರು, ನಿನ್ನ ಲೆಕ್ಕವನ್ನು ಪರಿಶೀಲಿಸುವವರು ಯಾರು? ಇಸಿಬಿಸಿಗೆ ಬ್ಯೂರೋ ಒಪ್ಪಿದ ಸಾಫ್ಟ್‌ವೇರ್ ಬೇಕು. ಹಸಿರು ಮಾನ್ಯತೆಯವರಿಗೆ ಅವರು ಓದಬಲ್ಲ ವರದಿ ಬೇಕು. ಕೊಳ್ಳುವ ಮುಂಚೆ ಅವರನ್ನೇ ಕೇಳು.

ನಾಲ್ಕು, ನಾಳೆ ಈ ಕಂಪನಿ ಬಾಗಿಲು ಹಾಕಿದರೆ? ನಮ್ಮ ದೇಶದ ಎಷ್ಟೋ ಆರ್ಕಿಟೆಕ್ಚರ್ ವಿದ್ಯಾರ್ಥಿಗಳು ಇಕೋಟೆಕ್ಟ್ ಕಲಿತಿದ್ದರು. 2008ರಲ್ಲಿ ಆಟೋಡೆಸ್ಕ್ ಅದನ್ನು ಕೊಂಡಿತು, 2015ರಲ್ಲಿ ಮಾರುವುದನ್ನು ನಿಲ್ಲಿಸಿತು. ಕಲಿತ ಕೈ ಖಾಲಿಯಾಯಿತು. ಎನರ್ಜಿಪ್ಲಸ್‌ನ ಕಡತ ಬರೀ ಪಠ್ಯವಾದ್ದರಿಂದ ಬಾಡಿ ಬದಲಾದರೂ ಮಾದರಿಯನ್ನು ಓದಬಹುದು. ಹಣ ಕೊಟ್ಟು ಬಾಡಿ ಕೊಂಡರೂ ಎಂಜಿನ್ ತೆರೆದದ್ದಾಗಿದ್ದರೆ ನೆಮ್ಮದಿ.

ಐದು, ಕಲಿಸುವವರು ಯಾರಿದ್ದಾರೆ? ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ, ಕಲಿಯಲು ಹೋಗುವ ತಿಂಗಳುಗಳು ಉಚಿತವಲ್ಲ. ಪಕ್ಕದ ಮೇಜಿನವರು ಬಲ್ಲ ಸಾಧಾರಣ ಸಾಫ್ಟ್‌ವೇರ್, ಯಾರೂ ಅರಿಯದ ಶ್ರೇಷ್ಠ ಸಾಫ್ಟ್‌ವೇರಿಗಿಂತ ಮೇಲು. ಡಿಸೈನ್‌ಬಿಲ್ಡರ್ ಹಿಡಿಯುವವರಿಗೆ ಐಐಐಟಿಯಲ್ಲಿದ್ದ ವಿಶಾಲ್ ಗರ್ಗ್ ಮತ್ತು ಸಂಗಡಿಗರು ಬರೆದ ಅಭ್ಯಾಸ ಪುಸ್ತಕವಿದೆ. ಒಬ್ಬರೇ ಕೂತು ಕಲಿಯಬಹುದು.

ಆರನೆಯದು ಸಾಫ್ಟ್‌ವೇರಿನ ಪ್ರಶ್ನೆಯಲ್ಲ, ಬೇಗಂಪೇಟೆಯ ಪ್ರಶ್ನೆ. ಹವಾಮಾನ ಕಡತದಲ್ಲಿರುವುದು ಯಾವುದೋ ಒಂದು ನಿಜವಾದ ವರ್ಷವಲ್ಲ. ಹಲವು ವರ್ಷಗಳ ದಾಖಲೆಯಿಂದ ಜನವರಿ ಒಂದು ವರ್ಷದ್ದು, ಫೆಬ್ರವರಿ ಇನ್ನೊಂದು ವರ್ಷದ್ದು ಎಂದು, ಸರಾಸರಿಗೆ ಹತ್ತಿರದ ತಿಂಗಳುಗಳನ್ನು ಆಯ್ದು ಹೊಲಿದ ಕೌದಿ ಅದು. ಅತಿ ಬಿಸಿಯ ತಿಂಗಳುಗಳು ಅದರಲ್ಲಿ ಸೇರುವುದಿಲ್ಲ, ಏಕೆಂದರೆ ಅವು 'ಸಾಮಾನ್ಯ' ಅಲ್ಲ. ವಿಮಾನ ನಿಲ್ದಾಣದ ಬಯಲಿನಲ್ಲಿ ಅಳೆದದ್ದು ನಿಮ್ಮ ಇಕ್ಕಟ್ಟಿನ ಗಲ್ಲಿಯ ಹವೆಯೂ ಅಲ್ಲ. ಆದ್ದರಿಂದ ಮುಖ್ಯವಾದ ಕೆಲಸಗಳಲ್ಲಿ ನಾನು ಬೇಸಿಗೆಯ ತಾಪಮಾನವನ್ನು ಒಂದೆರಡು ಡಿಗ್ರಿ ಏರಿಸಿ ಇನ್ನೊಮ್ಮೆ ಓಡಿಸುತ್ತೇನೆ. ಆಗಲೂ ನನ್ನ ಸಲಹೆ ನಿಲ್ಲುತ್ತದೆಯೇ ಎಂದು ನೋಡುತ್ತೇನೆ. ಊರಿನಲ್ಲಿ ಮನೆ ಕಟ್ಟಿಸುವ ನೆಂಟರಿಗಾಗಿ ಲೆಕ್ಕ ಮಾಡುವವರು ಇನ್ನೊಂದು ಗಮನಿಸಬೇಕು: ಬೆಂಗಳೂರಿನ ಕಡತದ ಸಂಖ್ಯೆ 43295, ಸಂಹಿತೆಯ ಪ್ರಕಾರ ಅದು ಸಮಶೀತೋಷ್ಣ ವಲಯ, ಹೈದರಾಬಾದ್ ಮಿಶ್ರ ವಲಯ. ಕಲಬುರಗಿಯ ಬಿಸಿಲಿಗೆ ಬೆಂಗಳೂರಿನ ಕಡತ ಹಾಕಿದರೆ ರಾಜ್ಯ ಒಂದೇ ಆದರೂ ಉತ್ತರ ಬೇರೆ ಲೋಕದ್ದು.

ಹುಡುಗ ಪಟ್ಟಿಯನ್ನು ಮಡಚಿ ಜೇಬಿಗಿಟ್ಟುಕೊಂಡ. ಬೇಗಂಪೇಟೆ ಮೆಟ್ರೋ ನಿಲ್ದಾಣದವರೆಗೂ ಜೊತೆಗೆ ನಡೆದೆ. ಮೇಲಿನ ಪ್ಲಾಟ್‌ಫಾರ್ಮಿನಲ್ಲಿ ರಾಯದುರ್ಗಂ ಕಡೆಯ ರೈಲಿಗೆ ಕಾಯುತ್ತ ನಿಂತಾಗ ಮತ್ತೆ ಕೇಳಿದ: "ಆದ್ರೂ ಅಣ್ಣಾ, ಮೊದಲ ಯಾವುದಕ್ಕ ರೊಕ್ಕಾ ಹಾಕಲಿ?"

"ಎರಡು ಥರ್ಮಾಮೀಟರ್ ತಗೋ" ಎಂದೆ. "ಒಂದು ಮ್ಯಾಲಿನ ಮಹಡಿಗೆ, ಒಂದು ಕೆಳಗಿನ ಮಹಡಿಗೆ. ಎರಡು ವಾರ ಬರಕೋ. ಆಮೇಲೆ ಎನರ್ಜಿಪ್ಲಸ್ ಇಳಿಸಿಕೋ, ಅದಕ್ಕ ರೊಕ್ಕಾ ಬೇಕಿಲ್ಲ."

ನಗುತ್ತ ರೈಲು ಹತ್ತಿದ. ಮೊನ್ನೆ ಫೋನು ಮಾಡಿದ್ದ. ಅವನಿಗೆ ಬಂದ ಮೊದಲ ಕೆಲಸ ಬೀದರಿನಲ್ಲಿ, ಒಂದು ಸಣ್ಣ ಹೆರಿಗೆ ಆಸ್ಪತ್ರೆ. ತಾಪಮಾನ ಬರೆದುಕೊಳ್ಳಲು ಶುರುಮಾಡಿದ್ದಾನಂತೆ.